ಎದುರಂಗಡಿಯ ಔಯಾಂಗ್

ನಮ್ಮ ಬೀದಿಯಲ್ಲಿ ಗಿಡಮೂಲಿಕೆಯ ಅಂಗಡಿಗಳು ಎರಡು. ಒಂದು ನನ್ನದು, ಇನ್ನೊಂದು ಎದುರಿನ ಔಯಾಂಗನದು. ಜನ ಮಾತ್ರ ಅವನಲ್ಲಿಗೇ ಹೋಗುತ್ತಾರೆ. ಅತಿಮಧುರವನ್ನು ಕೈಯಳತೆಯಲ್ಲೇ ಕಾಗದಕ್ಕೆ ಸುರಿಯುತ್ತಾನೆ, ತೂಗಿದರೆ ಒಂದೆಳೆಯೂ ಹೆಚ್ಚುಕಡಿಮೆ ಇರುವುದಿಲ್ಲ. ಗುಟ್ಟಾಗಿ ತರಿಸಿ ನಾನೇ ತೂಗಿ ನೋಡಿದ್ದೇನೆ. ನಾಡಿ ಹಿಡಿದನೆಂದರೆ ರೋಗಿಯ ಮನೆಯ ಕಥೆಯೆಲ್ಲ ಬೇಕು ಅವನಿಗೆ. "ಸೊಸೆ ಜೊತೆ ಮಾತು ಬಿಟ್ಟು ಎಷ್ಟು ದಿನ ಆಯ್ತಜ್ಜಿ? ಮೊದ್ಲು ಹೋಗಿ ಮಾತಾಡು, ಎದೆಯುರಿಗೆ ಔಷಧಿ ನಾಳೆ ಕೊಡ್ತೀನಿ" ಎನ್ನುತ್ತಾನೆ. ಮರುದಿನ ಆ ಮುದುಕಿ ಸೊಸೆಯನ್ನೂ ಕರೆತರುತ್ತಾಳೆ! ಕಹಿ ಕಷಾಯದ ಪೊಟ್ಟಣಕ್ಕೆ ಮೂರು ಒಣ ಬೋರೆಹಣ್ಣು ಹೆಚ್ಚಿಗೆ ಹಾಕುತ್ತಾನೆ. ನಾನು ಐದು ಹಾಕಿದೆ, ಯಾರೂ ಬರಲಿಲ್ಲ. ಬೆಳಿಗ್ಗೆ "ಏನ್ ಶೆನ್ ಅಣ್ಣ, ತಿಂಡಿ ಆಯ್ತಾ?" ಎಂದು ಅವನು ಕೂಗಿದರೆ ನಾನು ಚಹಾದ ಲೋಟದಲ್ಲಿ ಮುಖ ಹುದುಗಿಸುತ್ತೇನೆ. ಈ ಚಳಿಗಾಲ ನನ್ನ ಹೆಂಡತಿ ಸುಯ್‌ಫೆನ್‌ಗೆ ಕೆಮ್ಮು ಹಿಡಿಯಿತು. ನನ್ನ ಕಷಾಯ ಹದಿನೈದು ದಿನ ಕುಡಿದರೂ ಇಳಿಯದ್ದು ಹದಿನೆಂಟನೆಯ ದಿನ ಇಳಿಯಿತು. "ಕೆಮ್ಮಿದ್ರೆ ಶೆನ್ ಅಣ್ಣನ ಹತ್ರ ಹೋಗಿ, ಹೆಂಡ್ತೀನ ಹೆಂಗೆ ವಾಸಿ ಮಾಡ್ದ ನೋಡಿ" ಎಂದು ಔಯಾಂಗನೇ ಸಂತೆಯಲ್ಲಿ ಸಾರಿದ. ನಾಲ್ಕು ಜನ ಬಂದು ಅದೇ ಔಷಧಿ ಒಯ್ದರು, ನಾನು ಬೀಗಿದೆ. ನಿನ್ನೆ ಜಗಳದ ಮಧ್ಯೆ ಸುಯ್‌ಫೆನ್ ಬಾಯಿಬಿಟ್ಟಳು: ಹದಿನಾರನೆಯ ದಿನ ನನ್ನ ಪೊಟ್ಟಣ ಹಿಡಿದು ಅವಳು ಅವನಲ್ಲಿಗೇ ಹೋಗಿದ್ದಳಂತೆ. ಅವನು ಅದರಿಂದ ಒಂದೇ ಒಂದು ಬೇರನ್ನು ಆರಿಸಿ ತೆಗೆದು, "ಇದು ಅಣ್ಣನದೇ ಔಷಧಿ ಅತ್ತಿಗೆ, ನಾನೇನೂ ಮಾಡಿಲ್ಲ. ಅವನಿಗೆ ಹೇಳ್ಬೇಡಿ" ಅಂದನಂತೆ. ತೆಗೆದದ್ದು ಯಾವ ಬೇರು ಎಂದು ಅವಳಿಗೆ ಗೊತ್ತಿಲ್ಲ. ಆ ನಾಲ್ವರು ಇನ್ನೂ ಕೆಮ್ಮುತ್ತಿದ್ದಾರೆ. ಈಗ ನಾನು ಬೀದಿ ದಾಟಿ ಅವನನ್ನೇ ಕೇಳಬೇಕು.