ಬೆನ್ನು ತಟ್ಟಿದರೆ ಹೊರಡುವವನು

ಆ ಬೆಳಿಗ್ಗೆ ಸ್ಕೂಟರಿನ ಹಿಂದೆ ಕೂತಿದ್ದ ಹೆಂಡತಿ ನನ್ನ ಬೆನ್ನಿಗೆ ಹೊಡೆದಳು. ಹೊರಡಬೇಡಿ ಎಂದು ಹೊಡೆದದ್ದು. ನಾನು ಸ್ಟಾರ್ಟ್ ಮಾಡಿ ಹೊರಟೆ, ಆನೆಯ ಮುಂದೆಯೇ.

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ, ಒಂದು ಕಾಫಿ ಎಸ್ಟೇಟಿನ ಅಂಚಿನಲ್ಲಿದೆ. ಮುಖ್ಯರಸ್ತೆಗೆ ಬರಲು ಎಸ್ಟೇಟಿನ ಮಣ್ಣುದಾರಿಯೊಂದೇ. ನಡುವೆ ಒಂದು ಮೋರಿ, ಆಮೇಲೆ ತಿರುವು. ಆನೆಗಳು ತೋಟದೊಳಗೇ ಉಳಿಯತೊಡಗಿದ ಮೇಲೆ ಆ ಮೋರಿಯ ಬಳಿ ಎಲ್ಲರೂ ಎಂಜಿನ್ ಆಫ್ ಮಾಡುತ್ತಾರೆ. ಸುತ್ತ ನೋಡುತ್ತಾರೆ, ಕಿವಿಗೊಡುತ್ತಾರೆ, ಗಾಳಿಯಲ್ಲಿ ಆನೆಯ ವಾಸನೆ ಇದೆಯೇ ಎಂದು ಮೂಸುತ್ತಾರೆ. ಇಬ್ಬರಿದ್ದರೆ ಅಲ್ಲಿ ಮಾತಿಲ್ಲ. ಹಿಂದೆ ಕೂತವರು ಬೆನ್ನು ತಟ್ಟಿದರೆ ದಾರಿ ಖಾಲಿ ಎಂದು ಅರ್ಥ.

ಹೆಂಡತಿ ಶಾಲೆಯಲ್ಲಿ ಟೀಚರ್. ಅವಳನ್ನು ಮುಖ್ಯರಸ್ತೆಯ ಬಸ್‌ಸ್ಟಾಪಿನಲ್ಲಿ ಇಳಿಸಿ ನಾನು ಕುಶಾಲನಗರದ ಪತ್ರಿಕಾ ಕಚೇರಿಗೆ ಹೋಗುವುದು ವರ್ಷಗಳ ರೂಢಿ. ಆ ದಿನವೂ ಮೋರಿಯ ಬಳಿ ನಿಲ್ಲಿಸಿದೆ. ಕತ್ತು ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ತಲೆಯೊಳಗೆ ಬೇರೆಲ್ಲೋ ಬಾಳೆತೋಟಕ್ಕೆ ನುಗ್ಗಿದ ಕಾಡಾನೆಗಳ ಸುದ್ದಿಗೆ ಮೊದಲ ವಾಕ್ಯ ಸಿದ್ಧವಾಗುತ್ತಿತ್ತು. ಬೆನ್ನಿಗೆ ಕೈ ಬಿತ್ತು, ಗಾಡಿ ಹೊರಟಿತು. ಏಟು ಮತ್ತೆ ಮತ್ತೆ ಬಿದ್ದಾಗ ಅವಳಿಗೆ ಬಸ್ಸಿನ ಅವಸರ ಎಂದುಕೊಂಡು ಇನ್ನಷ್ಟು ವೇಗ ಹೆಚ್ಚಿಸಿದೆ.

ಮುಖ್ಯರಸ್ತೆಯಲ್ಲಿ ಅವಳು ಇಳಿದವಳೇ ಡಾಂಬರಿನ ಅಂಚಿನಲ್ಲಿ ಕುಕ್ಕರಿಸಿದಳು.

"ಆನೆ ಇತ್ತು."

"ಎಲ್ಲಿ?"

"ಎಲ್ಲಿ ಅಂತೀರಲ್ರೀ! ನಿಮ್ಮ ಎಡಕ್ಕೇ, ಹಲಸಿನ ಮರದ ಕೆಳಗೆ. ಕಿವಿ ಆಡ್ಸೋದು ನಿಲ್ಸಿ ನಮ್ಮನ್ನೇ ನೋಡ್ತಾ ಇತ್ತು. ನೀವೂ ಅದನ್ನ ನೋಡಿದ್ರಿ. ಕತ್ತು ತಿರುಗ್ಸಿದ್ದು ನಾನೇ ಕಂಡೆ."

"ದಂತ ಇತ್ತಾ?" ಬಾಯಿಗೆ ಬಂದದ್ದು ಅದೊಂದೇ ಪ್ರಶ್ನೆ.

"ಬರ್ಕೊಳ್ಳಿ, ಬರ್ಕೊಳ್ಳಿ. ನಾಳೆ ಪೇಪರಿಗೆ ಆಗುತ್ತೆ," ಎಂದು ಅವಳು ನಕ್ಕಳು. ನಗುವಾಗ ಹಲ್ಲು ಕಟಕಟ ಎನ್ನುತ್ತಿತ್ತು. ಬಸ್ ಬಂದು ನಿಂತು ಹೋಯಿತು. ಅವಳು ಹತ್ತಲಿಲ್ಲ. ಮುಂದಿನ ಬಸ್ಸಿಗೆ ಹತ್ತುವಾಗ, "ನಿಮ್ಮ ಹಿಂದೆ ಇನ್ನು ಕೂರಲ್ಲ," ಎಂದಳು.

ಅಷ್ಟರಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗಿಗೆ ಹೆಂಗಸರನ್ನು ತುಂಬಿಕೊಂಡು ಎಸ್ಟೇಟಿನ ಜೀಪು ಬಂತು. ವಿಷಯ ತಿಳಿಸಿದೆ. ಪಟಾಕಿ ಸಿಡಿಸಿ, ಸಾಕಷ್ಟು ಕಾದು, ಡ್ರೈವರ್ ನಿಧಾನವಾಗಿ ಒಳಗೆ ಹೊರಟ. ನಾನೂ ಹತ್ತಿದೆ. ತಿರುವಿನಲ್ಲಿ ಅವನು ಬ್ರೇಕ್ ಹಾಕಿ ಕಿಟಕಿಯಿಂದ ಬಗ್ಗಿದ. ಧೂಳಿನಲ್ಲಿ ನನ್ನ ಸ್ಕೂಟರಿನ ಟೈರಿನ ಗುರುತು ಸ್ಪಷ್ಟವಾಗಿತ್ತು. ಅದರ ಮೇಲೆ ಮೊರದಗಲದ ಹೆಜ್ಜೆ. ಮುಂದೆ ಇನ್ನೊಂದು, ಅದರಾಚೆ ಮತ್ತೊಂದು. ಆ ತಿರುವಿನಲ್ಲೇ ಹೆಜ್ಜೆಗಳು ದಾರಿ ಬಿಟ್ಟು ಕಾಫಿ ಗಿಡಗಳ ನಡುವೆ ಇಳಿದಿದ್ದವು.

"ಸಾರ್, ಹಿಂದೆನೇ ಬಂದುಂಟಲ್ಲ ಇದು. ನೀವು ನೋಡ್ಲೇ ಇಲ್ವಾ?"

ಘಟನಾ ಸ್ಥಳದಲ್ಲಿದ್ದವರನ್ನು ಏನು ಕಂಡಿರಿ ಎಂದು ಕೇಳುವುದು ನನ್ನ ಕೆಲಸ. ಇಲ್ಲಿ ಸ್ಥಳದಲ್ಲಿದ್ದವನು ನಾನೇ. ಆನೆಯ ಕಡೆಗೆ ಕಣ್ಣು ತಿರುಗಿಸಿದ್ದೆ, ಆನೆ ಕಂಡಿರಲಿಲ್ಲ. ಜೀವ ಉಳಿಸಲೆಂದು ಮಾಡಿಕೊಂಡ ರೂಢಿಯನ್ನು ಚೂರೂ ತಪ್ಪದೆ ಪಾಲಿಸಿದ್ದೆ. ಆ ರೂಢಿಯೇ ನನ್ನನ್ನು ಹೊರಡಿಸಿತ್ತು.

ಮರುದಿನದಿಂದ ಅವಳು ಹೆಂಗಸರನ್ನು ಇಳಿಸಿ ಖಾಲಿ ಹೋಗುವ ಅದೇ ಜೀಪಿನಲ್ಲಿ ಹೋಗತೊಡಗಿದಳು. ಅಂಗಳದಲ್ಲಿದ್ದ ನನಗೆ ಡ್ರೈವರನ ಮತ್ತು ಅವಳ ಮಾತು ಕೇಳಿಸುತ್ತಿತ್ತು.

"ಏನ್ ಟೀಚರೇ, ಸಾರ್ ಗಾಡಿ ಕೆಟ್ಟೋಯ್ತಾ?"

"ಗಾಡಿ ಚೆನ್ನಾಗಿದೆ ಕಣಪ್ಪ. ಸಾರೇ ರಿಪೇರಿಗೆ ನಿಂತಿದ್ದಾರೆ."

ಅವಳಿಲ್ಲದೆ ಮೋರಿಯ ಬಳಿ ಒಬ್ಬನೇ ನಿಂತಾಗ ಇನ್ನೊಂದು ಗೊತ್ತಾಯಿತು. ಕತ್ತು ತಿರುಗಿಸಿದ ಮೇಲೂ ನಾನು ಕಾಯುತ್ತಲೇ ಇರುತ್ತಿದ್ದೆ. ಬೆನ್ನು ಅವಳ ಕೈಗಾಗಿ ಕಾಯುತ್ತಿತ್ತು. ಇಷ್ಟು ವರ್ಷ ಇಬ್ಬರ ಪರವಾಗಿ ನೋಡಿದವಳು ಅವಳು.

ಹಿಂದೊಮ್ಮೆ ಒಂದು ಹೋಂಸ್ಟೇಯಲ್ಲಿ ನಡೆದ ಮೈಂಡ್‌ಫುಲ್‌ನೆಸ್ ಶಿಬಿರದ ವರದಿಗೆ ಹೋಗಿದ್ದೆ. ಮಾಡುತ್ತಿರುವುದನ್ನು, ಕಾಣುತ್ತಿರುವುದನ್ನು ಮನಸ್ಸಿನಲ್ಲೇ ಹೆಸರಿಸಿ ಎಂದು ಕಲಿಸಿದವರು ಹೇಳಿದ್ದರು. ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದಾಗ ನಾನು ವರದಿಯ ತಲೆಬರಹ ಯೋಚಿಸುತ್ತಿದ್ದೆ. ಆ ಪಾಠ ಈಗ ನೆನಪಾಗಿ ಹೆಂಡತಿಗೆ ಹೇಳಿದೆ.

"ಮನಸ್ಸಲ್ಲಿ ಬೇಡ," ಎಂದಳು. "ಬಾಯಲ್ಲಿ ಹೇಳಿ. ನಿಮ್ಮ ಮನಸ್ಸು ನಂಗೆ ಕಾಣ್ಸಲ್ಲ."

ಪಿಕ್ಕಿಂಗ್ ಮುಗಿದು ಜೀಪು ಬರುವುದು ನಿಂತ ಮೇಲೆ ಒಂದು ಬೆಳಿಗ್ಗೆ ಅವಳು ಮೋರಿಯವರೆಗೆ ನನ್ನ ಜೊತೆ ನಡೆದೇ ಬಂದಳು. ನಾನು ಎಂಜಿನ್ ಆಫ್ ಮಾಡಿದ್ದ ಸ್ಕೂಟರನ್ನು ತಳ್ಳಿಕೊಂಡು ಬಂದಿದ್ದೆ. ಮೋರಿಯ ಬಳಿ ಸೀಟಿನ ಮೇಲೆ ಕೂತೆ. ಅವಳು ಪಕ್ಕದಲ್ಲೇ ನಿಂತಳು.

"ಈಗ ಹೇಳಿ. ಎಂಥ ಉಂಟು?"

"ಹಕ್ಕಿ ಕೂಗ್ತಾ ಇದೆ," ಎಂದೆ ಮೆಲ್ಲಗೆ.

"ಅದು ದಿನಾ ಕೂಗುತ್ತೆ. ಹಳೇ ಸುದ್ದಿ."

ನೋಡಿದೆ. ಹಲಸಿನ ಮರದ ಕೆಳಗೆ ಖಾಲಿ. ಆನೆಗಳಿಗೆ ಇಷ್ಟದ ಬೈನೆ ಮರದ ಒಂದು ಗರಿ ಮುರಿದು ಜೋತಾಡುತ್ತಿದೆ, ಮುರಿದ ಜಾಗ ಒಣಗಿ ಕಂದುಬಣ್ಣಕ್ಕೆ ತಿರುಗಿದೆ, ಹಳೆಯದು. ದಾರಿಯ ಧೂಳಿನಲ್ಲಿ ನಾಯಿಯ ಹೆಜ್ಜೆ ಮಾತ್ರ. ಗಾಳಿಯಲ್ಲಿ ಒಣಗಲು ಹಾಕಿದ ಕಾಫಿಯ ಹುಳಿ ವಾಸನೆ, ಬೇರೇನಿಲ್ಲ. ಒಂದೊಂದಾಗಿ ಹೇಳಿದೆ. ಅವಳೂ ಅದೇ ಕಡೆ ನೋಡುತ್ತ ತಲೆಯಾಡಿಸಿದಳು. ಆಮೇಲೆ ನನ್ನ ಕೈಯ ಕಡೆ ನೋಡಿ, "ಇನ್ನೊಂದು ಬಿಟ್ರಿ," ಎಂದಳು.

ಬಗ್ಗಿ ನೋಡಿ ಬೆಚ್ಚಿದೆ. ಅವಳಿನ್ನೂ ಹಿಂದೆ ಕೂತಿರಲಿಲ್ಲ. ನನ್ನ ಹೆಬ್ಬೆರಳು ಆಗಲೇ ಸ್ಟಾರ್ಟರ್ ಗುಂಡಿಯ ಮೇಲಿತ್ತು. ನಾನು ಇಟ್ಟ ನೆನಪಿಲ್ಲ.

"ಹೆಬ್ಬೆರಳು ಗುಂಡಿ ಮೇಲಿದೆ," ಎಂದೆ.

"ತೆಗೀರಿ."

ತೆಗೆದೆ. ಅವಳು ಸೀರೆಯ ನೆರಿಗೆ ಒಟ್ಟುಮಾಡಿ ಹಿಂದೆ ಕೂತಳು. ಬೆನ್ನು ತಟ್ಟಲಿಲ್ಲ.

"ಹೋಗುವ," ಎಂದಳು.