ಮಡಕೆ ಬೆವರಬೇಕು

“ಸಭಿಕರಲ್ಲಿ ಯಾರಾದರೂ ಪ್ರಶ್ನೆ ಕೇಳಬಹುದು” ಎಂದರು ಅಧ್ಯಕ್ಷರು. ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯುತ್ತಿತ್ತು. ಈ ಮಾತಿಗೆ ಸಾಮಾನ್ಯವಾಗಿ ಯಾರೂ ಏಳುವುದಿಲ್ಲ. ಎಲ್ಲರ ಕಣ್ಣು ಆಗಲೇ ಬಾಗಿಲಾಚೆಯ ಟೀ, ಬಿಸ್ಕತ್ತಿನ ಮೇಲಿರುತ್ತದೆ. ಆದರೆ ಕೊನೆಯ ಸಾಲಿನಲ್ಲಿ ನಮ್ಮವ್ವ ಎದ್ದು ನಿಂತಳು. ಹೆಮ್ಮಿಗೆಯಲ್ಲಿ ಮಡಕೆ ಸುಟ್ಟು, ತಿ. ನರಸೀಪುರದ ಸಂತೆಯಲ್ಲಿ ಮಾರಿ ನನ್ನನ್ನು ಓದಿಸಿದವಳು. ಏನು ಕೇಳಿಬಿಡುತ್ತಾಳೋ ಎಂದು ನಾಚಿ ನಾನು ತಲೆ ತಗ್ಗಿಸಿದೆ.

“ಬೆಂಕಿ ಎಚ್ಚಾದ್ರೆ ನಮ್ ಮಡ್ಕೆ ಬೆವರಾಕಿಲ್ಲ, ನೀರು ತಣ್ಗಾಗಾಕಿಲ್ಲ. ನಿನ್ ಮಣ್ಗೆ ಎಷ್ಟು ಬೆಂಕಿ ಕೊಟ್ಟೆ ಮಗಾ?”

ಮಡಕೆ ಬೆವರುವುದು ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಜಿನುಗಿ. ನನ್ನ ಸಂಶೋಧನೆಯೂ ಜೇಡಿಮಣ್ಣಿನದೇ. ಅದರ ಪದರಗಳ ನಡುವೆ ಸೂಕ್ಷ್ಮ ರಂಧ್ರಗಳು ಉಳಿದರೆ ಮಾತ್ರ ಅದು ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕವಾಗುತ್ತದೆ. ಮೊದಲ ವರ್ಷದ ಮಾದರಿಗಳನ್ನೆಲ್ಲ ಅತಿಯಾಗಿ ಕಾಯಿಸಿ, ರಂಧ್ರ ಮುಚ್ಚಿಸಿ ಹಾಳುಮಾಡಿದ್ದೆ. ಅದನ್ನು ಸ್ಲೈಡುಗಳಲ್ಲಿ ಎಲ್ಲೂ ತೋರಿಸಿರಲಿಲ್ಲ. ಈಗ ಎಲ್ಲರೆದುರು ಒಪ್ಪಿಕೊಂಡೆ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಎದ್ದು ಅವ್ವನಿಗೆ ಕೈಮುಗಿದರು. “ಇದು ನಾನು ಕೇಳಬೇಕಿದ್ದ ಪ್ರಶ್ನೆ, ತಾಯಿ.”

ಒಂದು ವರ್ಷ ಕಳೆದುಕೊಂಡು ನಾನು ಕಲಿತದ್ದನ್ನು, ಮನೆಯಲ್ಲಿ ಕೇಳಿದ್ದರೆ ಅವ್ವ ಒಂದೇ ಮಾತಿನಲ್ಲಿ ಹೇಳುತ್ತಿದ್ದಳು. ನನಗೆ ಕೇಳಬೇಕೆಂದೇ ಹೊಳೆದಿರಲಿಲ್ಲ. ಈಗ ನಾನೂ ಗೈಡ್. ಹೊಸ ವಿದ್ಯಾರ್ಥಿಗಳಿಗೆ ಮಣ್ಣು ಕಾಯಿಸುವ ಫರ್ನೇಸ್ ತೋರಿಸುವ ಮೊದಲು, ನನ್ನ ಕೋಣೆಯಲ್ಲಿರುವ ಮಡಕೆಯಿಂದ ಒಂದು ಲೋಟ ತಣ್ಣೀರು ಕೊಡುತ್ತೇನೆ. ಅದನ್ನು ಸುಟ್ಟವಳು ನಮ್ಮವ್ವ ಎಂದು ಹೇಳಿಯೇ ಕೊಡುತ್ತೇನೆ.