ಉಚ್ಚಂಗೆಪ್ಪನನ್ನು ಕೇಳಿಕೊಂಡು ಬಂದವರು

ಉಚ್ಚಂಗೆಪ್ಪ ಬಂದು ಬೆಂಚಿನ ಮೇಲೆ ಕೂತದ್ದೇ ತಡ, ಕೊಟ್ಟೂರು ಬಸ್ ಸ್ಟ್ಯಾಂಡಿನ ಎದುರು ಚಹಾದಂಗಡಿ ಇಟ್ಟಿದ್ದ ಗಾಳೆಪ್ಪ ಸೋಸುವುದನ್ನು ಅಲ್ಲೇ ಬಿಟ್ಟು ಹತ್ತಿರ ಬಂದ.

"ಸಾಹೇಬ್ರ, ನಿಮ್ಮನ್ನ ಕೇಳ್ಕೋತ ಒಬ್ಬಾವ ಬಂದಿದ್ದ. ಬೆಂಗಳೂರು ಕಡ್ಯಾವ. ಕರೇ ಬೂಟು, ಇಸ್ತ್ರಿ ಅಂಗಿ. ಎಂಥಾ ಮನುಷ್ಯಾ, ಕುಡಿತಾನೇನು, ಯಾರ ಕೂಡ ಓಡಾಡ್ತಾನ, ಎಲ್ಲಾ ಕೇಳಿದ."

"ನೀ ಏನಂದಿ?"

"ಅಂಥಾ ಮನುಷ್ಯಾನ್ನ ನಾ ಕಂಡೇ ಇಲ್ಲ ಅಂದ್ನಿ. ಕಿರಾಣಿ ಅಂಗಡಿ ನಾಗಲಿಂಗಮ್ಮನೂ ಹಂಗ ಅಂದ್ಲಂತ. ನೀವೇನೂ ಅಂಜಬ್ಯಾಡ್ರಿ."

ಬೂಟು ಹಾಕಿದ ಪರವೂರಿನವನು ಒಬ್ಬನ ಹೆಸರು ಹಿಡಿದು ಬೀದಿ ಬೀದಿ ಕೇಳುತ್ತಾ ಬಂದರೆ ಅದು ಪೊಲೀಸು, ಇಲ್ಲವೇ ಕೋರ್ಟಿನ ಅಮೀನ. ಅಂಥ ಹೊತ್ತಿನಲ್ಲಿ 'ಗೊತ್ತಿಲ್ಲ' ಎನ್ನುವುದೇ ಆ ಓಣಿಯ ಜನ ಮಾಡುವ ಮೊದಲ ಉಪಕಾರ. ಅದು ಅವರ ಪ್ರೀತಿ. ಆ ಪ್ರೀತಿಯೇ ಉಚ್ಚಂಗೆಪ್ಪನನ್ನು ಅಂಜಿಸಿತು. ಚಹಾ ಕುಡಿಯದೇ ಎದ್ದು ಮನೆಯ ಕಡೆ ನಡೆದ.

ಹೊಸಹಳ್ಳಿಯ ಕೂಲಿ ಮಾಡುವವರ ಮನೆಯಲ್ಲಿ ಹುಟ್ಟಿ, ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿದವನು ಅವನು. ದಾವಣಗೆರೆಯ ಬೀಜದ ಕಂಪನಿಯೊಂದಕ್ಕೆ ಕೊಟ್ಟೂರು, ಹಡಗಲಿ ಕಡೆಯ ಹೊಲಗಳಲ್ಲಿ ಹೈಬ್ರಿಡ್ ಹತ್ತಿ ಬೀಜ ಬೆಳೆಸಿಕೊಡುವುದು ಅವನ ಕೆಲಸ. ಸಂಜೆ ಹೆಣ್ಣು ಸಾಲಿನ ಮೊಗ್ಗಿನಿಂದ ಕೇಸರ ಕಿತ್ತು, ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಸವರುವ ಹೆಂಗಸರ ಹಿಂದೆ ಅವನ ರಾಜದೂತ್ ಮೋಟರ್ ಸೈಕಲ್ಲು ವರ್ಷದಲ್ಲಿ ಅರ್ಧ ಕಾಲ ತಿರುಗುತ್ತಿತ್ತು. ಆ ಗಂಡು, ಹೆಣ್ಣು ಮೂಲ ಬೀಜಗಳು ಮಾತ್ರ ಅವನ ಮಂಚದ ಕೆಳಗಿನ ಟ್ರಂಕಿನಲ್ಲಿ, ಅರಗಿನ ಸೀಲು ಹಾಕಿದ ಚೀಲದಲ್ಲಿ ಇರುತ್ತಿದ್ದವು. ಅವೆರಡೂ ಸಿಕ್ಕರೆ ಯಾರು ಬೇಕಾದರೂ ಅದೇ ಹತ್ತಿಯನ್ನು ತಾವೇ ತೆಗೆಯಬಹುದು. ಹಿಂದಿನ ವರ್ಷ ಹಡಗಲಿಯಲ್ಲಿ ಬೇರೊಂದು ಕಂಪನಿಯ ಮೇಲ್ವಿಚಾರಕನೊಬ್ಬ ಮೂಲ ಬೀಜ ಮಾರಿದನೆಂದು ಪೊಲೀಸರು ಕರೆದುಕೊಂಡು ಹೋಗಿದ್ದರು. ಮಾರಿದ್ದನೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಬಿಟ್ಟು ಕಳಿಸಿದ ಮೇಲೆ ಅವನಿಗೆ ಯಾರೂ ಕೆಲಸ ಕೊಡಲಿಲ್ಲ.

ಮನೆಗೆ ಬಂದರೆ ಹೆಂಡತಿ ಹಂಪಮ್ಮ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂತಿದ್ದಳು.

"ಇಲ್ಲಿಗೂ ಬಂದಿದ್ದ. ಊರು ಬಿಡಾಕ ನಿಮ್ಮದೇನಾರ ಅಡ್ಡಿ ಐತೇನ್ರಿ ಅಂತ ಕೇಳಿದ. ಊರು ಬಿಡಿಸುವಂಥಾದ್ದು ನಾವೇನು ಮಾಡೇವ್ರಿ?"

"ಹೆಸರು ಹೇಳಿದ್ನೇನು?"

"ಹೆಸರು ಅಚ್ಚು ಹಾಕಿದ ಚೀಟಿ ಕೊಡಾಕ ಬಂದ. ನಾ ಮುಟ್ಟಲಿಲ್ಲ. ಮುಟ್ಟಿದ್ರ ಸಹಿ ಮಾಡಿದಂಗ ಆಗತೈತೇನೋ ಅಂತ."

ಕಂಪನಿಯ ಮಾಲೀಕರೇ ತನ್ನ ಮೇಲೆ ಗುಮಾನಿಪಟ್ಟು ಆಳು ಬಿಟ್ಟಿದ್ದಾರೆ ಎಂದು ಉಚ್ಚಂಗೆಪ್ಪನಿಗೆ ಖಾತ್ರಿಯಾಯಿತು. ಪೋಸ್ಟ್ ಆಫೀಸಿಗೆ ಹೋಗಿ ದಾವಣಗೆರೆಗೆ ಟ್ರಂಕ್ ಕಾಲ್ ಹಾಕಿದ. "ನಾಳೆ ಬಂದು ಒಂದು ಮಾತು ಹೇಳೋದೈತ್ರಿ. ಫೋನಾಗ ಬ್ಯಾಡ್ರಿ." ಆ ಕಡೆಯಿಂದ ಮಾಲೀಕರು "ಬಾ" ಎಂದಷ್ಟೇ ಹೇಳಿದರು.

ಬೆಳಿಗ್ಗೆ ಬೀಜದ ಚೀಲವನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದ. ಸೀಲು ಒಡೆದಿಲ್ಲವೆಂದು ತೋರಿಸಿದರೆ ಮಾನ ಉಳಿದೀತು ಎಂಬುದೊಂದೇ ಅವನ ಲೆಕ್ಕ. ಹರಪನಹಳ್ಳಿಯಲ್ಲಿ ಪಕ್ಕದ ಸೀಟು ಖಾಲಿಯಾಯಿತು. ಹತ್ತಿದವನೊಬ್ಬ ಬಂದು ಕೂತ. ಕಪ್ಪು ಬೂಟು. ಉಚ್ಚಂಗೆಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಅಷ್ಟರಲ್ಲಿ ಕಂಡಕ್ಟರ್ ಹಿಂದಿನಿಂದ ಕೂಗಿದ: "ಉಚ್ಚಂಗೆಪ್ಪಣ್ಣ, ಚಿಲ್ರೆ ಇಸ್ಕಳಪ್ಪ!"

"ಓ, ನೀವೇನಾ?" ಎಂದ ಬೂಟಿನವನು.

ಉಚ್ಚಂಗೆಪ್ಪ ಚೀಲವನ್ನು ಅವುಚಿಕೊಂಡ. "ನಾ ಏನೂ ಮಾರಿಲ್ರೀ ಸಾಹೇಬ್ರ. ಸೀಲು ನೋಡ್ರಿ ಬೇಕಾದ್ರ."

ಆತ ಕಣ್ಣರಳಿಸಿದ. "ನಾನು ಪೊಲೀಸ್ ಅಲ್ಲ ಇವ್ರೇ. ಕಂಪನಿಗಳಿಗೆ ದೊಡ್ಡ ಹುದ್ದೆಗೆ ತಕ್ಕ ಜನ ಹುಡುಕಿಕೊಡೋ ಸಂಸ್ಥೆ ನಮ್ಮದು."

"ನಾ ಅರ್ಜಿ ಹಾಕಿಲ್ಲಲ್ರಿ!"

"ಹಾಕದೇ ಇರೋರನ್ನ ಹುಡುಕೋದೇ ನಮ್ಮ ಕೆಲಸ."

"ನಿಮಗೆಷ್ಟು ಕೊಡಬೇಕಾಗತೈತಿ?"

"ನೀವೇನೂ ಕೊಡಬೇಕಿಲ್ಲ, ಕೊಡೋದು ಜನ ಬೇಕು ಅಂದಿರೋ ಬೀಜದ ಕಂಪನಿ. ನಿಮ್ಮ ಮಾಲೀಕರಿಗೂ ನಾನು ಹೇಳಿಲ್ಲ, ಹೇಳೋದೂ ಇಲ್ಲ. ಹಾಗಂತ ಕೆಲಸ ನಿಮಗೇ ಆಯ್ತು ಅಂತ ತಿಳ್ಕೋಬೇಡಿ, ಬೇರೆಯವರನ್ನೂ ನೋಡ್ತಿದ್ದೀನಿ. ನಿಜ ಹೇಳ್ಲಾ? ನಿಮ್ಮ ಹೆಸರು ಬಿಟ್ಟುಬಿಡೋಣ ಅಂತಿದ್ದೆ. ಇಡೀ ಕೊಟ್ಟೂರಲ್ಲಿ ನಿಮ್ಮನ್ನ ಬಲ್ಲೆ ಅನ್ನೋರು ಒಬ್ಬರೂ ಸಿಗಲಿಲ್ಲ."

ಉಚ್ಚಂಗೆಪ್ಪನಿಗೆ ನಗು ಬರಬೇಕಿತ್ತು. ಬರಲಿಲ್ಲ. ಈಗ ತೊಡೆಯ ಮೇಲೆ ಒಂದು ಕಂಪನಿಯ ಮೂಲ ಬೀಜ, ಪಕ್ಕದಲ್ಲಿ ಇನ್ನೊಂದು ಕಂಪನಿಗೆ ಜನ ಹುಡುಕುವವನು. ನಿನ್ನೆಯವರೆಗೆ ಕಾರಣವಿಲ್ಲದೆ ಅಂಜಿದ್ದ. ಇಂದು ಕಾರಣವೇ ಪಕ್ಕದಲ್ಲಿ ಕೂತಿತ್ತು. ಏನೂ ಗೊತ್ತಿರದ ಮಾಲೀಕರನ್ನು ತಾನೇ ಫೋನು ಮಾಡಿ ಎಬ್ಬಿಸಿ ಕೂರಿಸಿದ್ದ.

ದಾವಣಗೆರೆಯ ಗೋದಾಮಿನಲ್ಲಿ ಮಾಲೀಕರು ಕೂರು ಎನ್ನಲಿಲ್ಲ. ಉಚ್ಚಂಗೆಪ್ಪ ಟವೆಲು ಬಿಚ್ಚಿ ಚೀಲವನ್ನು ಮೇಜಿನ ಮೇಲಿಟ್ಟ.

"ಏನೋ ಇದು? ಯಾರಿಗೆ ತೋರಿಸಿದೆ?"

"ಯಾರಿಗೂ ಇಲ್ರಿ. ಸೀಲು ನೋಡ್ಕೊಳ್ರಿ. ಬ್ಯಾರೆ ಕಡೆ ಕೆಲಸ ಐತಿ ಅಂತ ಒಬ್ರು ಕೇಳ್ಯಾರ. ಸಿಗತೈತೋ ಇಲ್ಲೋ ಗೊತ್ತಿಲ್ಲ. ನಿಮ್ಮ ಬೀಜ ಮನ್ಯಾಗ ಇಟ್ಕೊಂಡು ಆ ಮಾತು ಕೇಳಾಕ ನನಗ ಅಂಜಿಕಿ ಆತು."

ಮಾಲೀಕರು ಅರಗಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು. ಚೀಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, "ಸೋಮವಾರ ಬಾ. ನೀನಿರಬೇಕೋ ಬೇಡವೋ ಆಗ ಹೇಳ್ತೀನಿ" ಎಂದರು.

ಕೊಟ್ಟೂರಿಗೆ ಮರಳಿದಾಗ ಗಾಳೆಪ್ಪ ಅಂಗಡಿ ಮುಚ್ಚುತ್ತಿದ್ದ. "ಸಾಹೇಬ್ರ, ಆ ಕರೇ ಬೂಟಿನಾವ ಮತ್ತ ಬಂದ್ರ ಏನನ್ಲಿ?"

ಉಚ್ಚಂಗೆಪ್ಪ ಸೋಮವಾರವನ್ನು ನೆನೆಯುತ್ತಾ ನಿಂತ. ಖಾಲಿ ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡ.

"ಬಲ್ಲೆ ಅನ್ನು, ಗಾಳೆಪ್ಪ. ಯಾರು ಬಂದು ಕೇಳಿದ್ರೂ ಬಲ್ಲೆ ಅನ್ನು."